ತಾರಸಿ ಕೋಣೆಯ ಬಾಣಂತನ

ಇವತ್ತಿಗೂ ಆ ಬಾಗ್ಲು ತಳ್ಳಿದ್ದು ನೆನೆಸ್ಕೊಂಡ್ರೆ ನನ್ನ ಕೈಕಾಲು ತಣ್ಣಗಾಯ್ತವೆ. ಆದ್ರೆ ಬಾಗ್ಲಿನ ಕತೆಗಿಂತ ಮೊದ್ಲು ನಮ್ಮತ್ತೆ ಸೋಮಮ್ಮನ ಕತೆ ಹೇಳ್ಬೇಕು. ಆಯಮ್ಮ ಎಂಥೋಳು ಅಂತ ತಿಳ್ಕೊಳ್ದೆ ಬರೀ ಆವತ್ತಿನ ಸುದ್ದಿ ಕೇಳ್ದೋರು, "ಎಂಥ ಮುದ್ಕಿಯವ್ವ ಅದು, ಬುದ್ಧಿ ಬ್ಯಾಡ್ವಾ?" ಅಂತಾರೆ. ಅನ್ನೋರ ಬಾಯಿಗೆ ಮಣ್ಣಾಕ. ನಾನು ಬೈಬೋದು, ನಾನು ಸೊಸೆ. ಬ್ಯಾರೆಯೋರು ಬೈಯಂಗಿಲ್ಲ.

ನಮ್ಮೂರು ಬೂಕನಕೆರೆ. ಊರಲ್ಲಿ ಯಾರ ಮನೇಲಿ ಕೂಸು ಹುಟ್ಟಿದ್ರೂ ನೀರೆರೆಯಾಕೆ ನಮ್ಮತ್ತೇನೇ ಆಗ್ಬೇಕಿತ್ತು. ಬಚ್ಚಲಲ್ಲಿ ಮಣೆ ಹಾಕ್ಕೊಂಡು, ಸೀರೆ ಮೇಲಕ್ಕೆ ಕಟ್ಕೊಂಡು, ಎರಡೂ ಕಾಲು ನೀಡ್ಕೊಂಡು ಕೂತ್ರೆ, ಕಾಲ್ಮೇಲೆ ಅಂಗಾತ ಮಲಗಿದ ಕೂಸು ಅಳೋದೇ ಮರ್ತ್ಬುಡ್ತಿತ್ತು. ಎಣ್ಣೆ ತಿಕ್ಕಿ, ಮೂಗು ನೀವಿ, ಬಿಸಿನೀರು ಹೊಯ್ದು, ಆಮೇಲೆ ಬೆಳ್ಳುಳ್ಳಿ ಸಿಪ್ಪೆ, ಓಮ, ಸಾಂಬ್ರಾಣಿ ಹಾಕಿದ ಕೆಂಡದ ಮೇಲೆ ಕೂಸ್ನ ಆಡಿಸಿ, ಮೂಟೆ ಕಟ್ಟಿದಂಗೆ ಬಟ್ಟೇಲಿ ಸುತ್ತಿ ಕೊಡೋರು. ಕೊಟ್ರೆ ಎಲೆಅಡಿಕೆ ಈಸ್ಕೊಳ್ಳೋರು, ಇಲ್ದಿದ್ರೆ ಅದೂ ಇಲ್ಲ. ನನ್ನ ಮಕ್ಕಳು ಅರ್ಪಿತ, ದಿಲೀಪ ಇಬ್ರೂ ಆ ಕಾಲ್ಮೇಲೇ ಬೆಳ್ದೋರು.

ಒಂದೇ ಒಂದು ಕಾಟ ಆಯಮ್ಮಂದು. ಥಂಡಿ ಅಂದ್ರೆ ಹುಲಿ ಕಂಡಂಗೆ ಆಡೋರು. ದೀಪಾವಳಿ ಕಳೀತು ಅಂದ್ರೆ ಮುಗೀತು, ಮಕ್ಕಳ ತಲೆಗೆ ಕುಲಾವಿ, ಕಿವಿಗೆ ಹತ್ತಿ, ಮೈಮೇಲೆ ಎರಡೆರಡು ಸ್ವೆಟ್ರು. ಮೊಸ್ರು ಥಂಡಿ, ಬಾಳೆಹಣ್ಣು ಥಂಡಿ, ಸೀಬೆಕಾಯಿ ಥಂಡಿ. ಮಕ್ಕಳು ಹಂಡೆ ಒಲೆ ಮುಂದೆ ಕೂತು ಕೈ ಕಾಸ್ಕೊಂಡು, ಹಿತಕಿದ ಅವರೆಬ್ಯಾಳೇನ ಬಾಯಿಗೆ ಎಸ್ಕೊಂಡು, ಸ್ಕೂಲಿಗೆ ಹೋಗಾಕೆ ಒಲ್ಲೆ ಅನ್ನೋವು. ಆಯಮ್ಮ, "ಇರ್ಲಿ ಬುಡಮ್ಮಿ, ಬಿಸ್ಲು ಬಂದ್ಮೇಲೆ ಹೋಗ್ಲಿ" ಅನ್ನೋರು. ನನ್ಗೆ ರೇಗೋದು. "ಅತ್ತೆ, ನಿನ್ ಲೆಕ್ಕದಲ್ಲಿ ಬೆಂಕಿ ಒಂದು ಬುಟ್ಟು ಮಿಕ್ಕಿದ್ದೆಲ್ಲ ಥಂಡೀನೇ" ಅಂದೆ ಒಂದಿನ. "ಹೂಂ ಕಣಮ್ಮಿ, ಅಂಗೇ ಅನ್ಕೊ, ಮಕ್ಕಳು ಉಳೀತವೆ" ಅಂದ್ರು. ನಕ್ಕೊಂಡು ಅಂದಿದ್ದಲ್ಲ ಅದು. ನಾನು ಮಾತ್ರ ನಕ್ಕೆ.

ತೊಂಬತ್ತಾರನೇ ಇಸ್ವಿ ಇರ್ಬೇಕು. ನಮ್ಮ ಹಳೇ ಹೆಂಚಿನ ಮನೆ ಪಕ್ಕಕ್ಕೆ ಆ ವರ್ಷ ಒಂದು ತಾರಸಿ ಕೋಣೆ ಕಟ್ಟಿಸಿದ್ವಿ. ಸಿಮೆಂಟು ನೆಲ, ಗಾಜಿನ ಕಿಟಕಿ, ನುಣ್ಣಗೆ ಗಿಲಾಯಿ ಮಾಡಿದ ಗೋಡೆ. ಬಂದೋರೆಲ್ಲ ಗೋಡೆ ಸವರಿ ನೋಡೋರು. ಹೆಂಚಿನ ಮನೇಲಿ ಬೆಳಗಾನ ಬಟ್ಟೆ ಮೇಲೆ ಮಣ್ಣು ಉದ್ರೋದು, ಇಲಿ ಓಡಾಡೋವು, ಸಂದಿ ಸಂದೀಲಿ ಗಾಳಿ ನುಗ್ಗೋದು. ಈ ಕೋಣೇಲಿ ಇರುವೆ ನುಗ್ಗಾಕೂ ಜಾಗ ಇರ್ನಿಲ್ಲ. ನಮ್ಮನೆಯವ್ರು ಬೀಗೋದೇನು, ಸಿಕ್ಕಿದೋರ್ನೆಲ್ಲ ಕರ್ಕೊಂಬಂದು ತೋರ್ಸೋದೇನು. ನಾನೂ ಬೀಗಿದ್ದೆ, ಸುಳ್ಳ್ಯಾಕೆ ಹೇಳ್ಲಿ.

ಆಗ್ಲೇ ನನ್ನ ನಾದಿನಿ ರಂಜಿತ ನಾಗಮಂಗಲದಿಂದ ಮೊದಲ್ನೇ ಹೆರಿಗೆಗೆ ಬಂದಿದ್ಲು. ದೀಪಾವಳಿ ಆದ್ಮೇಲೆ ಹೆಣ್ಣುಕೂಸಾಯ್ತು. ಬಾಣಂತೀನ ಎಲ್ಲಿ ಮಲಗ್ಸೋದು ಅಂತ ಯೋಚ್ನೆ ಮಾಡೋ ಪ್ರಮೇಯವೇ ಬರ್ನಿಲ್ಲ. ಹೊಸ ಕೋಣೆ ಇರೋದು ಯಾಕೆ? ನಮ್ಮತ್ತೆಗಂತೂ ಸ್ವರ್ಗ ಸಿಕ್ಕಿದಂಗಾಗಿತ್ತು. "ಈಗ ನೋಡಮ್ಮಿ, ಥಂಡಿ ಎಲ್ಲಿಂದ ಬಂದಾತು?" ಅಂತ ಕಿಟಕಿ ಗಾಜಿನ ಮೇಲೆ ಕೈಯಾಡ್ಸೋರು.

ಧನುರ್ಮಾಸ ಬತ್ತಿದ್ದಂಗೆ ಚಳಿ ಜಾಸ್ತಿ ಆಯ್ತು. ಸಿಮೆಂಟು ನೆಲ ಅಂತೂ ಐಸು. ಕಾಲಿಟ್ರೆ ನೆತ್ತಿಗೇರೋದು. ಹೆಂಚಿನ ಮನೇಲಿ ಬಾಣಂತಿ ಮಂಚದ ಕೆಳಗೆ ಒಂದು ಬಾಂಡ್ಲಿ ಕೆಂಡ ಇಡೋ ವಾಡಿಕೆ. ಇಲ್ಲಿ ನಮ್ಮತ್ತೆ ಎರಡು ಇಟ್ರು. ಇದ್ದಿಲು ನಮ್ಮ ಮನೇಲೇ ಸುಟ್ಟಿದ್ದು, ಒಂಚೂರೂ ಹೊಗೆ ಬರ್ತಿರ್ನಿಲ್ಲ. "ನೋಡು, ಕಣ್ಣು ಉರಿಯಲ್ಲ, ಕೆಮ್ಮು ಬರಲ್ಲ, ಎಂಥ ಕೆಂಡ!" ಅಂತ ಆಯಮ್ಮಂಗೆ ಸಂತೋಸ. ಬಾಗ್ಲ ಕೆಳಗೆ ಸಂದು ಇತ್ತಲ್ಲ, ಅಲ್ಗೆ ಗೋಣಿಚೀಲ ಮಡಚಿ ತುರುಕೋರು.

ರಂಜಿತಂಗೆ ತಲೆನೋವು ಸುರುವಾಯ್ತು. "ಅತ್ಗೆ, ತಲೆ ಸಿಡಿತದೆ. ಹೊಟ್ಟೆ ತೊಳ್ಸ್ತದೆ" ಅನ್ನೋಳು. ಹೊರಗೆ ಬಂದು ಜಗಲೀಲಿ ಒಂದ್ಗಳಿಗೆ ಕೂತ್ರೆ ಕಮ್ಮಿ ಆಗೋದು. ಒಳಗೆ ಹೋದ್ರೆ ಮತ್ತೆ ಅದೇ ಗೋಳು. ನಮ್ಮತ್ತೆ, "ಹೊರಗೆ ಕೂರ್ಬ್ಯಾಡ ಅಂತ ಬಡ್ಕೊಂಡೆ, ಕೇಳಿದ್ಯಾ? ತಲೆಗೆ ಥಂಡಿ ಹತ್ಬುಟ್ಟದೆ" ಅಂತ ಬೈದು, ತಲೆಗೆ ಇನ್ನೊಂದು ಬಟ್ಟೆ ಬಿಗಿದು, ಬಾಂಡ್ಲಿಗೆ ಇನ್ನೊಂದು ಬೊಗಸೆ ಇದ್ದಿಲು ಸುರಿಯೋರು. ಮೆಣಸಿನ ಸಾರು ಕುಡ್ಸೋರು. ಯಾರಿಗೂ ಏನೂ ಅನ್ನಿಸ್ನಿಲ್ಲ. ಬಾಣಂತಿಗೆ ತಲೆನೋವು ಅಂದ್ರೆ ಥಂಡಿ, ಥಂಡಿ ಅಂದ್ರೆ ಬೆಂಕಿ. ನಮ್ಮಜ್ಜಿ ಕಾಲದಿಂದ ನಮ್ಗೆ ಗೊತ್ತಿದ್ದುದು ಅಷ್ಟೇ.

ನನ್ನ ಮಗ ದಿಲೀಪ ಆಗಿನ್ನೂ ಮೂರು ವರ್ಷದ ಪೋರ. ಅರ್ಪಿತ ಸ್ಕೂಲಿಗೆ ಹೋದ ತಕ್ಷಣ ಇವ್ನು ಬಾಣಂತಿ ಕೋಣೆಗೆ ನುಗ್ಗೋನು. ರಂಜಿತತ್ತೆ ಹತ್ರ ಕೊಬ್ರಿ ಸಕ್ಕರೆ ಸಿಕ್ತದೆ, ಕೂಸಿನ ಬೆರಳು ಎಳೀಬೋದು, ಬೆಚ್ಚಗೆ ಮಲಗ್ಬೋದು. "ನಾನೂ ಬಾಣಂತಿ" ಅಂತ ತಲೆಗೆ ಬಟ್ಟೆ ಕಟ್ಟಿಸ್ಕೊಂಡು ಓಡಾಡ್ತಿದ್ದ. ನಗಾಡಿ ನಗಾಡಿ ನಮ್ಗೆ ಸಾಕಾಗಿತ್ತು.

ಆವತ್ತು ಬೆಳಿಗ್ಗೆಯಿಂದ ಮೋಡ. ಬಿಸ್ಲೇ ಬರ್ನಿಲ್ಲ. ನಮ್ಮ ಕಬ್ಬು ಆಲೆಮನೇಲಿ ಗಾಣಕ್ಕೆ ಬಿದ್ದಿತ್ತು. ನಮ್ಮನೆಯವ್ರೂ ಆಳುಗಳೂ ಅಲ್ಲೇ ಇದ್ರು, ನಾನು ಮಧ್ಯಾಹ್ನದ ಊಟ ಹೊತ್ಕೊಂಡು ಹೋದೆ. ಹೋಗೋವಾಗ ದಿಲೀಪ ಅಂಗಳದಲ್ಲಿ ಆಡ್ತಿದ್ದ, "ಅತ್ತೆ, ಇವನ್ನ ನೋಡ್ಕೊ" ಅಂದೆ. ವಾಪಸ್ ಬತ್ತಾ ಕೊಪ್ಪರಿಗೆಯಿಂದ ತೆಗೆದ ಬಿಸಿಬೆಲ್ಲ ಬಾಳೆಲೇಲಿ ಸುತ್ಕೊಂಡು ಬಂದೆ. ದಿಲೀಪಂಗೆ ಅದಂದ್ರೆ ಪ್ರಾಣ.

ಬಂದಾಗ ನಮ್ಮತ್ತೆ ಮತ್ತೆ ಪಕ್ಕದ ಮನೆ ಅಣ್ಣಮ್ಮ ಜಗಲೀಲಿ ಕೂತು ಅವರೆಕಾಯಿ ಬಿಡಿಸ್ತಾ ಇದ್ರು. 

"ದಿಲೀಪ ಎಲ್ಲಿ?" ಅಂದೆ. 

"ಒಳಗೆ ಮಲಗವ್ನೆ ಕಣಮ್ಮಿ, ರಂಜಿತನ ಮಂಚದ ತಾವ ಚಾಪೆ ಮೇಲೆ. ನೀರೆರ್ದು ಕೂಸ್ನೂ ಮಲಗ್ಸಿದ್ದೀನಿ. ಮೂರೂ ಸದ್ದಿಲ್ದಂಗೆ ಮಲಗವೆ. ಬಾಗ್ಲು ತೆಗೀಬ್ಯಾಡ, ಥಂಡಿ ಒಳಕ್ಕೆ ಹೋಯ್ತದೆ."

"ಬೆಲ್ಲ ಆರೋಯ್ತದೆ, ಏಳಿಸ್ತೀನಿ ಬುಡು."

"ಏಳಿಸ್ಬ್ಯಾಡ ಅಂದ್ನಲ್ಲ!"

ಆಯಮ್ಮ ಬ್ಯಾಡ ಅಂದ್ರೆ ನನ್ಗೆ ಬೇಕು ಅನ್ನಿಸೋ ಹುಟ್ಟುಗುಣ. ಬಾಗ್ಲು ತಳ್ದೆ. ಗೋಣಿಚೀಲ ಅಡ್ಡ ಸಿಕ್ಕಿ ತೆಗೀನಿಲ್ಲ. ಭುಜ ಕೊಟ್ಟು ತಳ್ದೆ. ಒಳಗಿನ ಬಿಸಿ ಮಕಕ್ಕೆ ಬಡೀತು. ಹೊಗೆ ಇಲ್ಲ, ವಾಸ್ನೆ ಇಲ್ಲ, ಒಲೆ ಮುಂದೆ ನಿಂತಂಗೆ ಬಿಸಿ, ಅಷ್ಟೇ. ದಿಲೀಪ ಮಂಚದ ಕೆಳಗೆ ಬಾಂಡ್ಲಿ ಪಕ್ಕ ಚಾಪೆ ಮೇಲೆ ಮಲಗಿದ್ದ. ಬಾಯಿ ತುಂಬ ವಾಂತಿ. "ಲೋ ದಿಲೀಪ" ಅಂತ ಎತ್ಕೊಂಡ್ರೆ ಕತ್ತು ಹಿಂದಕ್ಕೆ ಬಿತ್ತು. ಒದ್ದೆ ಬಟ್ಟೆ ಎತ್ತಿದಂಗೆ ಕೈಕಾಲೆಲ್ಲ ಜೋತಾಡ್ತಿದ್ವು.

ಅಯ್ಯೋ ನನ್ನಪ್ಪಾ! ನಾನು ಕಿರುಚಿದ್ದು ಆಲೆಮನೆಗಂಟ ಕೇಳುಸ್ತಂತೆ. "ರಂಜಿತಾ, ರಂಜಿತಾ" ಅಂದೆ. ಅವ್ಳು ಕಣ್ಣು ಅರ್ಧ ಬಿಟ್ಲು, ಏನೋ ಅಂದ್ಲು, ಏಳಾಕೆ ಹೋಗಿ ಮಂಚದಿಂದ ದೊಪ್ಪಂತ ಬಿದ್ಲು. ಕೂಸು ಅವ್ಳ ಪಕ್ಕದಲ್ಲಿ ಅಳದೆ ಮಿಸುಕದೆ ಬಿದ್ದಿತ್ತು. ಮಗನ್ನ ಹೆಗಲಿಗೆ ಹಾಕ್ಕೊಂಡು, ಕೂಸ್ನ ಇನ್ನೊಂದು ಕೈಲಿ ಬಾಚ್ಕೊಂಡು ಹೊರಗೆ ಓಡ್ದೆ. ನಮ್ಮತ್ತೆ ಮಡಿಲಲ್ಲಿದ್ದ ಅವರೆಕಾಯೆಲ್ಲ ಚೆಲ್ಲಿ ಎದ್ರು. ಅವ್ರೂ ಅಣ್ಣಮ್ಮನೂ ಸೇರಿ ರಂಜಿತನ್ನ ಎಳ್ಕೊಂಡು ಬಂದ್ರು.

ಅಣ್ಣಮ್ಮ ಅಂದ್ಲು, "ಗಾಳಿ ಸೋಕಿಬುಟ್ಟದೆ ಕಣಕ್ಕಾ! ಬಾಣಂತಿ ಕೋಣೆಗೆ ಏನೋ ಹೊಕ್ಕದೆ. ದಾಸಯ್ಯನ್ನ ಕರೀರಿ, ಯಂತ್ರ ಕಟ್ಲಿ."

ನಮ್ಮತ್ತೆ ಹೂಂ ಹೂಂ ಅಂತ ತಲೆ ಆಡಿಸ್ತಾ ಅಣ್ಣಮ್ಮನ ಕೈ ಹಿಡ್ಕೊಂಡ್ರು. ನನ್ಗೆ ಎಲ್ಲಿತ್ತೋ ಸಿಟ್ಟು. "ದಾಸಯ್ಯನೂ ಬ್ಯಾಡ, ಅವನಪ್ಪನೂ ಬ್ಯಾಡ! ನನ್ ಮಗ ಉಸಿರಾಡ್ತಿಲ್ಲ, ಗಾಡಿ ತರ್ಸಿ!" ಅಂತ ಕೂಗ್ದೆ.

ಪುಣ್ಯಕ್ಕೆ ನಮ್ಮ ಬೀದಿ ಪುಟ್ಟರಾಜು ಟೆಂಪೋಗೆ ಬೆಲ್ಲ ತುಂಬ್ಕೊಂಡು ಕೆ.ಆರ್.ಪೇಟೆಗೆ ಹೊರಟಿದ್ದ. ಬೆಲ್ಲದ ಮೂಟೆ ಮೇಲೇ ಹತ್ತಿ ಕೂತ್ವಿ. ರಂಜಿತನ ತಲೆ ನಮ್ಮತ್ತೆ ಭುಜದ ಮೇಲೆ, ಕೂಸು ಅವರ ಮಡಿಲಲ್ಲಿ, ದಿಲೀಪ ನನ್ನ ತೊಡೆ ಮೇಲೆ. ಪುಟ್ಟರಾಜು ಹಳ್ಳ ದಿಣ್ಣೆ ನೋಡ್ದಂಗೆ ಓಡಿಸ್ದ. ತೆರೆದ ಗಾಡಿ, ಎದುರಿಂದ ಕೊರೆಯೋ ಗಾಳಿ. ನಮ್ಮತ್ತೆ ಸೆರಗು ತೆಗೆದು ಕೂಸಿನ ಮಕಕ್ಕೆ ಮುಚ್ಚಿದ್ರು, ಅದಾದ್ಮೇಲೆ ಬಗ್ಗಿ ದಿಲೀಪನ ಮಕಕ್ಕೂ ಟವೆಲ್ಲು ಮುಚ್ಚಾಕೆ ಬಂದ್ರು. "ಥಂಡಿಗಾಳಿ ಕಣಮ್ಮಿ, ಥಂಡಿಗಾಳಿ."

"ಉಸಿರು ನೋಡ್ಬೇಕು, ತೆಗಿಯತ್ತೆ!" ಅಂತ ಕಿತ್ತು ಎಸೆದೆ. ಟವೆಲ್ಲು ರಸ್ತೇಲಿ ಹಾರೋಯ್ತು. ಕೂಸಿನ ಮೇಲಿನ ಸೆರಗೂ ಎಳೆದಾಕ್ದೆ. ಊರಾಚೆ ನಾಲೆ ದಾಟ್ತಿದ್ದಂಗೆ ಕೂಸು ಒಂದ್ಸಲ ಸೀನ್ತು, ಆಮೇಲೆ ಬೆಕ್ಕಿನ ಮರೀಯಂಗೆ ಅಳ್ತು. ರಂಜಿತ ವಾಂತಿ ಮಾಡ್ಕೊಂಡು ಕಣ್ಣು ಬಿಟ್ಲು, "ಅವ್ವಾ, ನನ್ ಮಗು ಎಲ್ಲಿ?" ಅಂದ್ಲು. ದಿಲೀಪ ಮಾತ್ರ ಹಂಗೇ ಇದ್ದ. ಅವ್ನ ಎದೆ ಮೇಲೆ ಕಿವಿ ಇಟ್ಟೆ. ಟೆಂಪೋ ಸದ್ದಲ್ಲಿ ಏನೂ ಕೇಳಿಸ್ನಿಲ್ಲ. ದೇವ್ರೇ, ಎಲ್ಲಾ ದೇವ್ರಿಗೂ ಹರಕೆ ಹೊತ್ಕೊಂಡೆ, ಹೆಸ್ರು ಗೊತ್ತಿಲ್ದಿರೋ ದೇವ್ರಿಗೂ ಹೊತ್ಕೊಂಡೆ.

ಆಸ್ಪತ್ರೇಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟ್ರಮ್ಮ ಇದ್ಲು. ಮೂವರ್ನೂ ನೋಡಿ, ಕೇಳಿದ್ದು ಒಂದೇ ಮಾತು. "ಮಲಗಿದ್ದ ಕೋಣೇಲಿ ಬೆಂಕಿ ಇತ್ತಾ?"

"ಕೆಂಡ ಇತ್ತು" ಅಂದೆ.

"ಕಿಟಕಿ?"

"ಮುಚ್ಚಿತ್ತು."

ಡಾಕ್ಟ್ರಮ್ಮ ಇನ್ನೇನೂ ಕೇಳ್ದೆ ದಿಲೀಪನ ಮೂಗಿಗೆ ಆಕ್ಸಿಜನ್ ಕೊಳವೆ ಹಾಕಿಸಿದ್ಲು. ಕೂಸಿಗೂ ರಂಜಿತಂಗೂ ಪಕ್ಕದ ವಾರ್ಡಲ್ಲಿ ಹಾಕಿಸಿದ್ಲು. ನನ್ನನ್ನ ಹೊರಗೆ ನಿಲ್ಸಿದ್ರು. ಆಮೇಲಿನ ಹೊತ್ತು ಎಷ್ಟೋ ನನ್ಗೆ ಗೊತ್ತಿಲ್ಲ. ನಮ್ಮನೆಯವ್ರು ಸೈಕಲ್ ತುಳ್ಕೊಂಡು ಬೆಲ್ಲದ ಪಾಕ ಮೆತ್ತಿದ ಕೈಯಲ್ಲೇ ಬಂದ್ರು. ಅವ್ರನ್ನ ನೋಡಿ ನನ್ಗೆ ಅಳು ಕಿತ್ಕೊಂಡು ಬಂತು. ನಮ್ಮತ್ತೆ ಗೋಡೆಗೆ ಅಂಟ್ಕೊಂಡು ನಿಂತಿದ್ರು. ಮಗನ ಮಕವನ್ನೂ ನೋಡ್ನಿಲ್ಲ.

ಡಾಕ್ಟ್ರಮ್ಮ ಹೊರಗೆ ಬಂದು, "ಉಸಿರಾಟ ಸರಿ ಹೋಗ್ತಾ ಇದೆ, ಹುಡುಗ ಉಳ್ಕೊತಾನೆ" ಅಂದ್ಲು. ಆಮೇಲೆ ಡಾಕ್ಟ್ರಮ್ಮ ನಿಧಾನಕ್ಕೆ ಬಿಡಿಸಿ ಹೇಳಿದ್ಲು. ಕೆಂಡದಿಂದ ಒಂದು ವಿಷಗಾಳಿ ಬರ್ತದಂತೆ. ಬಣ್ಣ ಇಲ್ಲ, ವಾಸ್ನೆ ಇಲ್ಲ. ಹೆಂಚಿನ ಮನೇಲಿ ಸಂದಿ ಸಂದೀಲಿ ಆಚೆ ಹೊರಟೋಯ್ತದೆ. ಮುಚ್ಚಿದ ತಾರಸಿ ಕೋಣೇಲಿ ಅಲ್ಲೇ ತುಂಬ್ಕೊಂಡು, ಮಲಗಿದ್ದೋರು ಮಲಗಿದ್ದಂಗೇ ಹೋಗ್ಬುಡ್ತಾರೆ. ರಂಜಿತನ ತಲೆನೋವು, ವಾಕರಿಕೆ ಎಲ್ಲ ಅದೇ. "ಇನ್ನು ಅರ್ಧ ಗಂಟೆ ಬಾಗ್ಲು ತೆಗೀದೆ ಇದ್ದಿದ್ರೆ ಮೂರು ಜೀವಾನೂ ಸಿಗ್ತಿರ್ಲಿಲ್ಲ" ಅಂದ್ಲು.

ಥಂಡಿ ಅಲ್ಲ, ಗಾಳಿ ಸೋಕಿದ್ದಲ್ಲ. ಕೆಂಡ! ನಮ್ಮ ಕೈಯಾರೆ ನಾವೇ ಇಟ್ಟ ಕೆಂಡ! ತಿರುಗಿ ನಮ್ಮತ್ತೆ ಮೇಲೆ ಎಗರ್ದೆ. "ಕೇಳಿಸ್ತಾ? ತಲೆನೋವು ತಲೆನೋವು ಅಂತ ಆ ಹುಡ್ಗಿ ಬಾಯಿ ಬಡ್ಕೊಂಡ್ರೂ ಮೇಲೆ ಮೇಲೆ ಸುರಿದ್ಯಲ್ಲ! ಬಾಗ್ಲು ತೆಗೀಬ್ಯಾಡ ಅಂದ್ಯಲ್ಲ! ನನ್ ಮಗನ್ನ ಕೊಂದ್ಬುಡ್ತಿದ್ಯಲ್ಲ ಮುದ್ಕಿ!" ಆಸ್ಪತ್ರೆ ಜನವೆಲ್ಲ ನೋಡ್ತಿದ್ರು. ನೋಡ್ಲಿ. ಹೆತ್ತೋಳ ಹೊಟ್ಟೆ ಅದು, ಹಂಗಲ್ದೆ ಇನ್ನೆಂಗೆ ಅನ್ಲಿ? ನಮ್ಮನೆಯವ್ರು, "ಸುಮ್ಕಿರೇ" ಅಂತ ತೋಳು ಹಿಡ್ದು ಎಳೆದ್ರು.

ನನ್ನ ಮಾತು ನಮ್ಮತ್ತೆ ಕಿವಿಗೆ ಬಿತ್ತೋ ಇಲ್ವೋ. ಡಾಕ್ಟ್ರಮ್ಮನ ಹತ್ರ ಹೋಗಿ ಕೈ ಮುಗಿದು ಕೇಳಿದ್ರು, "ನನ್ನವ್ವಾ, ಒಂದು ಮಾತು ಕೇಳ್ತೀನಿ. ಆ ಗಾಳೀಲಿ ಕೂಸು ಸತ್ರೆ, ಮಕ ಎಂಗಿರ್ತದೆ?"

ಅಯ್ಯಪ್ಪಾ! ನನ್ಗೆ ಮೈಯೆಲ್ಲ ಉರಿದೋಯ್ತು. "ಬಿಡ್ತು ಅನ್ನು! ಬಿಡ್ತು ಅನ್ನು ಅತ್ತೆ! ಒಳಗೆ ಮಕ್ಕಳು ಮಲಗಿರೋವಾಗ ಎಂಥ ಮಾತಾಡ್ತೀಯ!"

ಡಾಕ್ಟ್ರಮ್ಮಂಗೂ ಗಾಬರಿ. "ಯಾಕಜ್ಜಿ ಅದೆಲ್ಲ? ನಿಮ್ಮ ಮಕ್ಕಳಿಗೆ ಏನೂ ಆಗಲ್ಲ."

"ಹೇಳವ್ವ. ಕೆಂಪಗಿರ್ತದಾ?"

ಡಾಕ್ಟ್ರಮ್ಮ, "ಹೌದು, ಕೆಲವು ಸಲ ಕೆಂಪಗೇ ಇರುತ್ತೆ. ನಿದ್ದೆ ಮಾಡ್ತಿರೋ ಹಾಗೆ ಕಾಣುತ್ತೆ" ಅಂದ್ಲು.

ನಮ್ಮತ್ತೆ ಅಲ್ಲೇ ನೆಲದ ಮೇಲೆ ಕೂತ್ಬುಟ್ರು.

"ಎಲ್ರೂ ಹಂಗೇ ಅಂದಿದ್ರು" ಅಂದ್ರು. "ನಿದ್ದೆ ಮಾಡ್ತಾ ಅದೆ ಅಂದಿದ್ರು."

"ಯಾವ ಕೂಸವ್ವ?" ಅಂತ ನಮ್ಮನೆಯವ್ರು ಬಗ್ಗಿ ಕೇಳಿದ್ರು.

"ನಿಂಗಿಂತ ಮೊದ್ಲಿಂದು ಕಣಪ್ಪ. ಗಂಡುಕೂಸು."

ನಮ್ಮನೆಯವ್ರು ತಾನೇ ಹಿರೀಮಗ ಅಂತ ಅಷ್ಟು ವರ್ಷ ಬದುಕಿದ್ದ ಮನುಷ್ಯ. ನಮ್ಮೂರಲ್ಲೂ ಯಾರೂ ಒಂದಿನ ಈ ಮಾತು ಆಡಿರ್ನಿಲ್ಲ. ಯಾಕಂದ್ರೆ ಅದು ನಮ್ಮತ್ತೆ ತವರು ಬೆಳಗೊಳದಲ್ಲಿ ಆಗಿದ್ದು, ಕೂಸಿಗೆ ಹೆಸ್ರೂ ಇಟ್ಟಿರ್ನಿಲ್ಲ. ಹೆಸ್ರಿಡದ ಕೂಸಿನ ಸುದ್ದಿ ಯಾರು ಎತ್ತಾರು?

ನೆಲ ನೋಡ್ಕೊಂಡು ಹೇಳ್ತಾ ಹೋದ್ರು. ಬೆಳಗೊಳದಲ್ಲಿ ಬಾಣಂತನಕ್ಕೆ ಕಣಜದ ಕೋಣೇಲಿ ಮಲಗ್ಸಿದ್ರಂತೆ. ರಾಗಿ ಇಡೋ ಕೋಣೆ, ಇಲಿ ಬರ್ದಿರ್ಲಿ ಅಂತ ಕಿಟಕಿ ಇಲ್ದಂಗೆ ಕಟ್ಟಿ, ಮೇಲೆ ಹಲಗೆ ಹಾಸಿ ಮಣ್ಣು ಮೆತ್ತಿದ್ದಂತೆ. ಪುಷ್ಯಮಾಸದ ಒಂದು ಬೆಳಗಿನ ಜಾವ ಚಳಿಗೆ ಕೂಸು ಮುಲುಗ್ತಂತೆ. "ನಾನೇ ಎದ್ದು ಕೆಂಡದ ಮಡಕೇನ ಕೂಸಿನ ಹತ್ರಕ್ಕೆ ಎಳ್ದೆ. ನನ್ ಕೈಲೇ. ತಲೆ ಸುತ್ತಿದಂಗಾಯ್ತು, ಹೊರಕಡೆ ಹೋಗಿ ಬಂದೇನು ಅಂತ ಬಾಗ್ಲು ಎಳ್ಕೊಂಡು ಹಿತ್ಲಿಗೆ ಹೋದೆ. ಅಲ್ಲೇ ಬಿದ್ದೋದ್ನಂತೆ. ಎಲ್ರೂ ನನ್ನನ್ನ ನೋಡಾಕೆ ಓಡಿಬಂದ್ರು. ಕೂಸ್ನ ನೋಡ್ದಾಗ ಬಿಸ್ಲು ಬಂದಿತ್ತು. ಮಕ ಕೆಂಪಗೆ ಹಣ್ಣಾದಂಗಿತ್ತು. ಥಂಡಿ ಹೊಡೆದದೆ, ನೀನು ಬೆಚ್ಚಗಿಡ್ನಿಲ್ಲ ಅಂದ್ರು, ಸುದ್ದಿ ಕೇಳಿ ಬೂಕನಕೆರೆಯಿಂದ ಬಂದ ನನ್ನತ್ತೆ. ಹೌದು ಅಂದ್ಕೊಂಡೆ."

ಡಾಕ್ಟ್ರಮ್ಮ ಬಗ್ಗಿ, "ಅದು ಇದೇ ಅಂತ ಹೇಳಕ್ಕಾಗಲ್ಲಜ್ಜಿ, ಈಗ ಯಾರಿಗೆ ಗೊತ್ತಾಗುತ್ತೆ?" ಅಂದ್ಲು. ನಮ್ಮತ್ತೆ ತಲೆ ಆಡಿಸಿದ್ರು, ನಂಬಿದ್ದಕ್ಕಲ್ಲ, ಆ ಹುಡ್ಗಿಗೆ ಬೇಜಾರಾಗ್ದಿರ್ಲಿ ಅಂತ. ನನ್ನ ಬಾಯಲ್ಲಿ ಇನ್ನೂ ಬೈಗುಳ ತುಂಬಿತ್ತು. ಎಲ್ಲ ಅಲ್ಲೇ ಒಣಗಿ ಹೋಯ್ತು. ಕೊಂದ್ಬುಡ್ತಿದ್ಯಲ್ಲ ಅಂದಿದ್ನಲ್ಲ, ಆ ಮಾತು ಇವ್ರಿಗೆ ಎಲ್ಲಿ ಹೋಗಿ ಚುಚ್ತು ಅಂತ ಯೋಚ್ನೆ ಮಾಡಿ ನನ್ಗೇ ದಿಗಿಲಾಯ್ತು.

ಸಂಜೆ ಹೊತ್ಗೆ ದಿಲೀಪ ಕಣ್ಣು ಬಿಟ್ಟ. ಒಳಗೆ ಬಿಟ್ರು, ನಾನೂ ನಮ್ಮತ್ತೇನೂ ಹೋದ್ವಿ. ಮಂಚದ ಮೇಲೆ ಇಷ್ಟೇ ಇಷ್ಟು ಮಲಗಿದ್ದ ಪೋರ ನನ್ನ ನೋಡ್ದ, ಆಮೇಲೆ ನನ್ನ ಹಿಂದೆ ನೋಡ್ದ. ವಾರ್ಡಿನ ಕಿಟಕಿಗಳೆಲ್ಲ ತೆರೆದಿದ್ವು, ಚಳಿಗಾಳಿ ಬೀಸ್ತಿತ್ತು. ಬಾಯಿ ಒಣಗಿ ಮಾತು ಹೊರಡ್ತಿರ್ನಿಲ್ಲ, ಆದ್ರೂ ಅಂದ, "ಅಜ್ಜೀ, ಥಂಡಿ. ಹೊದ್ಸು."

ನಮ್ಮತ್ತೆ ಕಾಲ ಬಳಿ ಮಡಚಿಟ್ಟಿದ್ದ ಕಂಬಳಿ ಎತ್ಕೊಂಡ್ರು. ಬಿಡಿಸಿದ್ರು. ಅವನ ಮೇಲೆ ಹಿಡಿದ್ರು. ಅಲ್ಲೇ ನಿಂತ್ರು. ಊರಿನ ಅರ್ಧ ಮಕ್ಕಳಿಗೆ ಹೊದ್ಸಿದ ಕೈ ಕೆಳಗಿಳೀನಿಲ್ಲ.

"ಅಜ್ಜೀ" ಅಂದ ಮತ್ತೆ.

"ನೀನೇ ಹೊದ್ಸು ಕಣಮ್ಮಿ" ಅಂತ ನನ್ನ ಕಡೆ ತಿರುಗಿದ್ರು. "ನನ್ ಕೈಲಿ ಆಗಾಕಿಲ್ಲ."

ನಾನು ಕಂಬಳಿ ಈಸ್ಕೊಳ್ನಿಲ್ಲ. ಅವ್ರ ಎರಡೂ ಕೈ ಹಿಡ್ಕೊಂಡು ಕೆಳಕ್ಕೆ ಇಳಿಸ್ದೆ. ಇಬ್ರೂ ಸೇರಿ ಎದೆಗಂಟ ಹೊದ್ಸಿದ್ವಿ. ದಿಲೀಪ ಕಂಬಳಿ ಅಂಚನ್ನ ಗದ್ದಕ್ಕೆ ಎಳ್ಕೊಂಡು ಕಣ್ಣು ಮುಚ್ಚಿದ.

"ಇಂಗೇ ಕಣಮ್ಮಿ" ಅಂದ್ರು ನಮ್ಮತ್ತೆ, ಕೈ ತೆಗೀದೆ. "ನನ್ ಕೂಸೂ ಆವತ್ತು ಬಟ್ಟೆ ಅಂಚ ಇಂಗೇ ಹಿಡ್ಕೊಂತು."